ತಡವಾಗಿ ತಲುಪಿದ ಅರ್ಜಿ

ಮುಂಡರಗಿಯಿಂದ ದಕ್ಷಿಣಕ್ಕೆ ಹೊರಟು ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿ ಬಹಳ ದೂರವಲ್ಲ. ಮೈಲಾರದ ಕಾರಣಿಕಕ್ಕೆ ಹೋಗಿಬರುವ ನಮ್ಮ ಕಡೆಯ ಜನಕ್ಕೆ ಆ ಸೀಮೆ ಚಿರಪರಿಚಿತ. ಅಲ್ಲಿಯ ಮಲ್ಲಿಗೆಯ ಹೆಸರನ್ನು ಕೇಳದವರು ವಿರಳ. ಆದರೆ ಆ ಊರಿಗೆ ಇನ್ನೊಂದು ಹೆಸರುವಾಸಿಯೂ ಉಂಟೆಂಬುದನ್ನು ಬಲ್ಲವರು ಹೆಚ್ಚಿಲ್ಲ. ೧೯೨೦ನೆಯ ಇಸವಿ ಸೆಪ್ಟೆಂಬರ್ ೧೦ರಂದು, ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆ ಹಡಗಲಿಯಲ್ಲಿ, ತೆಲುಗು ಮನೆಮಾತಿನ ಪೊಲೀಸ್ ಅಧಿಕಾರಿಯೊಬ್ಬರ ಮನೆಯಲ್ಲಿ ಎಂಟನೆಯ ಮಗುವೊಂದು ಹುಟ್ಟಿತು. ದೇವಕಿಯ ಎಂಟನೆಯ ಗರ್ಭದ ನೆನಪಿನಿಂದ ಮಗುವಿಗೆ ರಾಧಾಕೃಷ್ಣನೆಂದು ಹೆಸರಿಟ್ಟರು. ಲೋಕದ ಸಂಖ್ಯಾಶಾಸ್ತ್ರಜ್ಞರೆಲ್ಲ ಮುಂದೆ ಸಿ. ಆರ್. ರಾವ್ ಎಂದು ಗೌರವದಿಂದ ಕರೆದದ್ದು ಇದೇ ಕಲ್ಯಂಪೂಡಿ ರಾಧಾಕೃಷ್ಣ ರಾಯರನ್ನು.

ಅವರನ್ನು ನಮ್ಮವರೆಂದು ಹೇಳಿಕೊಂಡು ಮೀಸೆ ತಿರುವಲು ನಮಗೆ ಪೂರ್ಣ ಅಧಿಕಾರವಿಲ್ಲ. ಬಾಲ್ಯದಲ್ಲಿಯೇ ಅವರು ಆಂಧ್ರದ ಕಡೆಗೆ ಹೋದರು; ಗೂಡೂರು, ನೂಜಿವೀಡು, ನಂದಿಗಾಮ, ವಿಶಾಖಪಟ್ಟಣಗಳಲ್ಲಿ ಓದಿದರು. ಬೆಳಗಿನ ಜಾವ ನಾಲ್ಕು ಗಂಟೆಗೆ ತಾಯಿ ತಮ್ಮನ್ನು ಎಬ್ಬಿಸಿ, ಎಣ್ಣೆಯ ದೀಪ ಹಚ್ಚಿಟ್ಟು ಓದಲು ಕೂಡಿಸುತ್ತಿದ್ದುದನ್ನು ಅವರು ಮರೆಯಲಿಲ್ಲ. ತಮ್ಮ ಪುಸ್ತಕವೊಂದನ್ನು ಆ ತಾಯಿಗೇ ಅರ್ಪಿಸಿ ಅದನ್ನು ನೆನೆದಿದ್ದಾರೆ. ಆದರೆ ಈ ಲೇಖನಕ್ಕೆ ಅವರ ಜೀವನದಿಂದ ಬೇಕಾದದ್ದು ಬೇರೊಂದು ಘಟನೆ.

ಗಣಿತದಲ್ಲಿ ಉನ್ನತ ಪದವಿ ಪಡೆದ ತರುಣ ರಾವ್ ಆಂಧ್ರ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರು. ಅರ್ಜಿ ತಡವಾಗಿ ತಲುಪಿತೆಂದು ತಿರಸ್ಕೃತವಾಯಿತು. ಅದು ಎರಡನೆಯ ಮಹಾಯುದ್ಧದ ಕಾಲ. ಸೈನ್ಯದ ಮೋಜಣಿ ವಿಭಾಗದಲ್ಲಿ ಗಣಿತಜ್ಞನ ಹುದ್ದೆಯೊಂದಿದೆಯೆಂದು ತಿಳಿದು ಸಂದರ್ಶನಕ್ಕೆ ಕಲಕತ್ತೆಗೆ ಹೋದರು. ಆ ಕೆಲಸವೂ ದೊರೆಯಲಿಲ್ಲ. ಆದರೆ ತಂಗಿದ್ದ ಹೋಟೆಲಿನಲ್ಲಿ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ತರಬೇತಿಗೆಂದು ಬಂದಿದ್ದ ಒಬ್ಬರ ಪರಿಚಯವಾಯಿತು. ಪ್ರಶಾಂತಚಂದ್ರ ಮಹಲನೋಬಿಸರು ೧೯೩೧ರ ಡಿಸೆಂಬರ್ ೧೭ರಂದು ಸ್ಥಾಪಿಸಿದ ಆ ಸಂಸ್ಥೆಯನ್ನು ರಾವ್ ನೋಡಿ ಬಂದರು. ಮತ್ತೊಂದು ಅರ್ಜಿ ಬರೆದರು. ಇದು ಹೊತ್ತಿಗೆ ಸರಿಯಾಗಿ ತಲುಪಿತು. ೧೯೪೧ರ ಜನವರಿ ೧ರಂದು ಅವರು ಅಲ್ಲಿ ಸೇರಿದರು. ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ತೆರೆದ ಸಂಖ್ಯಾಶಾಸ್ತ್ರದ ಎಂ. ಎ. ತರಗತಿಗೆ ಸೇರಿ ೧೯೪೩ರಲ್ಲಿ ತೇರ್ಗಡೆಯಾದರು.

ಮರುವರ್ಷ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ದೊಡ್ಡ ಮಾದರಿಗಳಿಗೆ ಫಿಷರ್ ಹೇಳಿದ ಈ ಫಲಿತಾಂಶ ಸಣ್ಣ ಮಾದರಿಗಳಿಗೂ ಸಲ್ಲುವುದೇ?” ಎಂಬರ್ಥದ ಪ್ರಶ್ನೆ ಕೇಳಿದ. ಕೇಳಿದವರು ಮುಂದೆ ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞರೆಂದು ಖ್ಯಾತರಾದ ವಿ. ಎಂ. ದಾಂಡೇಕರ. ಉತ್ತರ ರಾಯರಿಗೆ ಆ ಕ್ಷಣಕ್ಕೆ ತಿಳಿಯದು. ಮನೆಗೆ ಹೋಗಿ ರಾತ್ರಿಯೆಲ್ಲ ಕುಳಿತು ಸಾಧಿಸಿ ಮರುದಿನ ತರಗತಿಯಲ್ಲಿ ಹೇಳಿದರು. ೧೯೪೫ರಲ್ಲಿ ಅಚ್ಚಾದ ಆ ಲೇಖನದಿಂದಲೇ ಇಂದು ಪ್ರಪಂಚದ ಪ್ರತಿಯೊಂದು ಸಂಖ್ಯಾಶಾಸ್ತ್ರದ ಪಠ್ಯದಲ್ಲಿಯೂ ಇರುವ ಕ್ರಾಮರ್–ರಾವ್ ಅಸಮತೆ ಹುಟ್ಟಿತು. ಪಕ್ಷಪಾತವಿಲ್ಲದ ಅಂದಾಜೊಂದು, ಕೈಯಲ್ಲಿರುವಷ್ಟು ಮಾಹಿತಿಯಿಂದ ಎಷ್ಟು ಖಚಿತವಾಗಿರಬಲ್ಲದು, ಅದನ್ನು ಮೀರಿದ ಖಚಿತತೆ ಎಂತಹ ಜಾಣನಿಗೂ ಏಕೆ ಅಸಾಧ್ಯ ಎಂಬ ಎಲ್ಲೆಯನ್ನು ಅದು ಕೊರೆದಿಟ್ಟಿತು.

ಆಮೇಲಿನದು ಇನ್ನೂ ಸ್ವಾರಸ್ಯ. ೧೯೪೬ರಲ್ಲಿ ಅವರು ಕೇಂಬ್ರಿಜ್‌ಗೆ ಹೋದದ್ದು ಡಾಕ್ಟರೇಟಿನ ಅರ್ಜಿ ಹಾಕಿ ಅಲ್ಲ. ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು ಅಲ್ಲಿಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಒಬ್ಬ ಲೆಕ್ಕ ಬಲ್ಲವನು ಬೇಕಾಗಿತ್ತು. ಹಗಲು ಎಲುಬುಗಳ ಲೆಕ್ಕ. ಜೊತೆಗೆ ರೊನಾಲ್ಡ್ ಫಿಷರರ ತಳಿಶಾಸ್ತ್ರ ಪ್ರಯೋಗಾಲಯದಲ್ಲಿ ಇಲಿಗಳ ಕೆಲಸ. ೧೯೪೮ರಲ್ಲಿ ಫಿಷರರ ಕೈಕೆಳಗೇ ಪಿಎಚ್. ಡಿ. ದೊರೆಯಿತು. ೨೦೦೧ರಲ್ಲಿ ಪದ್ಮವಿಭೂಷಣ, ೨೦೦೨ರಲ್ಲಿ ಅಮೇರಿಕೆಯ ರಾಷ್ಟ್ರೀಯ ವಿಜ್ಞಾನ ಪದಕ, ೨೦೨೩ರಲ್ಲಿ ನೂರೆರಡನೆಯ ವಯಸ್ಸಿನಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ. ಅದೇ ವರ್ಷ ಆಗಸ್ಟ್ ೨೨ರಂದು ಅಮೇರಿಕೆಯಲ್ಲಿ ತೀರಿಕೊಂಡರು.

ಹಡಗಲಿಯ ಆ ಕೂಸಿನ ಕಥೆಯನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವುಂಟು. ನದಿಯ ಈಚೆಯ ದಡದಲ್ಲಿ, ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ, ಈಗ ಅದೇ ಶಾಸ್ತ್ರವನ್ನು ಓದುವ ಹುಡುಗ ಹುಡುಗಿಯರು ಹೆಚ್ಚುತ್ತಿದ್ದಾರೆ. ಬಿ. ಎಸ್‌ಸಿ. ಇಲ್ಲಿ, ಎಂ. ಎಸ್‌ಸಿ. ಧಾರವಾಡದಲ್ಲಿ ಮುಗಿಸಿ ‘ಮುಂದೇನು?’ ಎಂದು ನಿಂತಾಗ ಕೆಲವರು ನನ್ನಲ್ಲಿಗೂ ಬರುತ್ತಾರೆ. ಕನ್ನಡದ ಮಾಸ್ತರನಿಗೂ ಈ ಶಾಸ್ತ್ರಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇಷ್ಟೇ: ಡಾಕ್ಟರೇಟಿಗೆ ಅರ್ಜಿ ಹಾಕುವವರು ‘ಉದ್ದೇಶ ನಿವೇದನೆ’ ಎಂಬ ಎರಡು ಪುಟಗಳ ಬರಹವೊಂದನ್ನು ಕಳಿಸಬೇಕು. ಲೆಕ್ಕ ಮಾಡಬಲ್ಲ ನಮ್ಮ ಮಕ್ಕಳಿಗೆ ತಮ್ಮನ್ನು ಕುರಿತು ಎರಡು ಪುಟ ಬರೆಯುವುದೇ ಬೆಟ್ಟ. ಬರಹವೆಂದರೆ ಭಾಷೆಯ ಮಾಸ್ತರ ಎಂದು ತಿಳಿದು ಬರುತ್ತಾರೆ.

ಶೇಂಗಾ ಹೊಲದ ಪ್ರಶ್ನೆ

ಶಿರಹಟ್ಟಿ ತಾಲೂಕಿನ ಹಳ್ಳಿಯೊಂದರಿಂದ ಬಂದ ಹುಡುಗಿಯೊಬ್ಬಳ ಮಾತನ್ನು ಹೇಳುತ್ತೇನೆ. ಸಂಖ್ಯಾಶಾಸ್ತ್ರದಲ್ಲಿ ಎಂ. ಎಸ್‌ಸಿ. ಆಗಿದ್ದಳು. ಅವಳು ಬರೆದು ತಂದ ನಿವೇದನೆ, ಚಿಕ್ಕಂದಿನಿಂದಲೂ ತನಗೆ ಅಂಕಿಗಳ ಮೇಲೆ ಅಪಾರ ಪ್ರೀತಿ ಎಂದು ಮೊದಲಾಗಿ, ತಮ್ಮ ಘನ ವಿಶ್ವವಿದ್ಯಾಲಯದಲ್ಲಿ ಅವಕಾಶ ದೊರೆತರೆ ಧನ್ಯಳಾಗುವೆನೆಂದು ಮುಗಿಯುತ್ತಿತ್ತು. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೆ ಅದನ್ನು ಓದಿ ಆಕೆ ಯಾರೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಅಂತರ್ಜಾಲದಿಂದ ಎತ್ತಿಕೊಂಡ ನಾಲ್ಕು ಮಾದರಿಗಳನ್ನು ಕಲಸಿ ಮಾಡಿದ ಚಿತ್ರಾನ್ನ.

“ಈ ಶಾಸ್ತ್ರವನ್ನೇ ಏಕೆ ಹಿಡಿದೆ?” ಎಂದು ಕೇಳಿದೆ. ಸ್ವಲ್ಪ ಸಂಕೋಚದಿಂದ ಹೇಳಿದಳು. ಮನೆಯಲ್ಲಿ ಶೇಂಗಾ ಬೆಳೆ. ಮಳೆ ಕೈಕೊಟ್ಟ ಒಂದು ವರ್ಷ ಬೆಳೆ ವಿಮೆಯ ಹಣ ನಿರೀಕ್ಷಿಸಿದಷ್ಟು ಬರಲಿಲ್ಲ. “ನಮ್ಮ ಹೊಲಕ್ಕೆ ಯಾರೂ ಕಾಲಿಡಲೇ ಇಲ್ಲ. ಯಾರದೋ ಹೊಲದ ಮೂಲೆಯಲ್ಲಿ ಕೊಯ್ದು ನಮ್ಮ ಬೆಳೆ ಇಷ್ಟು ಎಂದು ಹೇಗೆ ಹೇಳಿದರು?” ಎಂದು ತಂದೆ ಕೇಳಿದರಂತೆ. ಆಗ ಆಕೆ ಪಿಯುಸಿಯಲ್ಲಿದ್ದಳು, ಉತ್ತರ ಗೊತ್ತಿರಲಿಲ್ಲ.

ಸಂಖ್ಯಾಶಾಸ್ತ್ರ ಎಂದರೇನೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಶ್ನೆಯನ್ನು ನಾನು ಕೇಳಿಲ್ಲ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬೀಮಾ ಯೋಜನೆಯಲ್ಲಿ ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ಒಂದು ಘಟಕ. ಪಂಚಾಯತಿಯ ಎಲ್ಲ ಹೊಲಗಳನ್ನೂ ಕೊಯ್ದು ತೂಗುವುದು ಆಗದ ಮಾತು. ಆದುದರಿಂದ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಕೆಲವು ಸರ್ವೆ ನಂಬರುಗಳನ್ನು ಆರಿಸಿ, ಹೊಲದೊಳಗೂ ಹಾಗೆಯೇ ಒಂದು ತುಣುಕನ್ನು, ಬಹಳ ಬೆಳೆಗಳಿಗೆ ೫ ಮೀಟರು ಉದ್ದ ೫ ಮೀಟರು ಅಗಲದ್ದನ್ನು, ಗುರುತು ಮಾಡಿ ಕೊಯ್ದು ತೂಗುತ್ತಾರೆ. ಆ ಸರಾಸರಿಯೇ ಇಡೀ ಪಂಚಾಯತಿಯ ಇಳುವರಿ. ಹಿಂದಿನ ೭ ವರ್ಷಗಳಲ್ಲಿ ಒಳ್ಳೆಯ ೫ ವರ್ಷಗಳ ಸರಾಸರಿಯಿಂದ ಹೊಸ್ತಿಲಿನ ಇಳುವರಿಯೊಂದನ್ನು ಕಟ್ಟಿರುತ್ತಾರೆ. ಹೊಸ್ತಿಲು ೧೦ ಕ್ವಿಂಟಲ್ ಇದ್ದು ಈ ವರ್ಷ ೬ ಬಂದರೆ ನೂರಕ್ಕೆ ೪೦ರಷ್ಟು ಕೊರತೆ. ವಿಮೆಯ ಮೊತ್ತದಲ್ಲಿ ಅಷ್ಟೇ ಪಾಲು ಪರಿಹಾರ. ಆರಿಸಿದ ತುಣುಕುಗಳೇ ಒಳ್ಳೆಯ ಕರಿ ನೆಲದಲ್ಲಿ ಬಿದ್ದಿದ್ದರೆ? ಕೆಲವೇ ತುಣುಕುಗಳ ಸರಾಸರಿ ಎಷ್ಟು ಕ್ವಿಂಟಲಿನಷ್ಟು ಆಚೀಚೆ ಹೋಗಬಹುದು? ಉಪಗ್ರಹದ ಚಿತ್ರಗಳನ್ನು ಈ ತೂಕದೊಂದಿಗೆ ಸೇರಿಸಿದರೆ ಅಂದಾಜು ಬಿಗಿಯಾದೀತೇ? ಹಡಗಲಿಯ ರಾಯರು ೧೯೪೫ರಲ್ಲಿ ಗುರುತಿಸಿದ ಎಲ್ಲೆ ಇಲ್ಲಿ ಶೇಂಗಾ ಹೊಲದ ಬದುವಿನ ಮೇಲೆಯೇ ಬಂದು ನಿಲ್ಲುತ್ತದೆ.

ಈ ಬೆಳೆ ಕೊಯ್ಲಿನ ಪ್ರಯೋಗಗಳಿಗೆ ನಮ್ಮ ದೇಶದಲ್ಲಿಯೇ ಶಾಸ್ತ್ರೀಯ ರೂಪ ಬಂದಿತೆಂಬುದೂ ತಿಳಿದಿರತಕ್ಕ ಮಾತು. ಬಂಗಾಳದ ಸೆಣಬಿನ ಮೋಜಣಿಯಲ್ಲಿ ಮಹಲನೋಬಿಸರು, ಬಳಿಕ ಗೋದಿ ಬತ್ತಗಳಲ್ಲಿ ಪಿ. ವಿ. ಸುಖಾತ್ಮೆ ಮತ್ತು ವಿ. ಜಿ. ಪಾನ್ಸೆ, ಇದಕ್ಕಾಗಿ ತಮ್ಮ ತಮ್ಮೊಳಗೆ ವಾದ ಹೂಡಿ ಬೆವರು ಸುರಿಸಿದ್ದಾರೆ. ಇತ್ತೀಚೆಗೆ ‘ಡೇಟಾ ಸೈನ್ಸ್’ ಎಂಬ ಹೆಸರು ಬಂದಿದೆ. ದತ್ತಾಂಶ ವಿಜ್ಞಾನವೆಂದು ಕನ್ನಡಿಸಬಹುದು. ಸಂಖ್ಯಾಶಾಸ್ತ್ರದ ಅನುಮಾನ ಕ್ರಮ, ಗಣಕಯಂತ್ರದ ವೇಗ, ಕೈಗೆ ಮೀರಿದ ಮಾಹಿತಿಯ ರಾಶಿ, ಇವು ಮೂರೂ ಕೂಡಿದ ಒಕ್ಕಲುತನ ಅದು. ಕಾರ್ನೆಗಿ ಮೆಲನ್, ಯೇಲ್ ಮೊದಲಾದ ಕಡೆ ವಿಭಾಗದ ಹೆಸರಿನಲ್ಲಿಯೇ ಎರಡನ್ನೂ ಸೇರಿಸಿಕೊಂಡಿದ್ದಾರೆ. ಹೆಸರು ಹೊಸದೆಂದು ತಳಹದಿ ಹೊಸದಾಗುವುದಿಲ್ಲ. ರೀಯಲ್ ಅನಾಲಿಸಿಸ್, ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆ, ಇವು ಗಟ್ಟಿಯಾಗಿರದೆ ಬರಿಯ ಪೈಥಾನ್ ಕಲಿತು ಹೊರಟವನನ್ನು ಯಾವ ಒಳ್ಳೆಯ ವಿಭಾಗವೂ ಒಳಗೆ ಬಿಟ್ಟುಕೊಳ್ಳುವುದು ಕಷ್ಟ.

ಪ್ರಶಸ್ತಿಯೇ ಎಲ್ಲ, ದತ್ತಿ ಎಲ್ಲಿ?

ನಮ್ಮ ಲಕ್ಕುಂಡಿ, ಲಕ್ಷ್ಮೇಶ್ವರ, ಗದಗುಗಳ ಶಾಸನಗಳನ್ನು ಓದಿದವರಿಗೆ ಅವುಗಳ ಕಟ್ಟು ಗೊತ್ತು. ಮೊದಲು ಪ್ರಶಸ್ತಿ: ಅರಸನ ಬಿರುದು, ವಂಶ, ಪರಾಕ್ರಮ. ಅದು ಮುಗಿದ ಬಳಿಕ ದತ್ತಿಯ ಭಾಗ: ಯಾವ ದಿನ, ಯಾರಿಗೆ, ಎಷ್ಟು ಮತ್ತರು ಭೂಮಿ, ಯಾವ ಗಳೆಯಿಂದ ಅಳೆದದ್ದು, ಮೂಡಲಿಗೆ ಏನು, ಪಡುವಲಿಗೆ ಏನು. ಪ್ರಶಸ್ತಿಯ ವಿಶೇಷಣಗಳು ಒಂದು ಶಾಸನದಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗುವುದಿಲ್ಲ. ಇತಿಹಾಸಕಾರನಿಗೆ ಹೊಸ ಸಂಗತಿ ಸಿಗುವುದು ಬಹುಮಟ್ಟಿಗೆ ದತ್ತಿಯ ಭಾಗದಲ್ಲಿಯೇ. ನಮ್ಮ ವಿದ್ಯಾರ್ಥಿಗಳ ಉದ್ದೇಶ ನಿವೇದನೆ ಆದಿಯಿಂದ ಅಂತ್ಯದವರೆಗೆ ಪ್ರಶಸ್ತಿ. ತನ್ನ ಪ್ರಶಸ್ತಿ, ಬಳಿಕ ವಿಶ್ವವಿದ್ಯಾಲಯದ ಪ್ರಶಸ್ತಿ. ಮತ್ತರು ಎಷ್ಟು, ಗಳೆ ಯಾವುದು ಎಂಬುದು ಇಲ್ಲವೇ ಇಲ್ಲ.

ಆ ಹುಡುಗಿಗೆ ನಾನು ಹೇಳಿದ್ದೂ ಇದನ್ನೇ. ಎಂ. ಎಸ್‌ಸಿ.ಯಲ್ಲಿ ಏನು ಮಾಡಿದೆ? ಲಕ್ಷ್ಮೇಶ್ವರದ ಮಳೆಮಾಪನದ ಅಂಕಿಗಳನ್ನು ಹಿಡಿದು ಸಣ್ಣ ಪ್ರಬಂಧ ಬರೆದಿದ್ದಳು. ಎಷ್ಟು ವರ್ಷದ ಅಂಕಿ? ನಡುವೆ ಬಿಟ್ಟುಹೋದ ತಿಂಗಳುಗಳನ್ನು ಏನು ಮಾಡಿದೆ? ಯಾವ ಮಾದರಿ ಹೂಡಿದೆ, ಅದು ಎಲ್ಲಿ ಸೋತಿತು? ಸೋತದ್ದನ್ನೂ ಬರೆಯಬೇಕೇ ಎಂದು ಆಕೆಗೆ ಆಶ್ಚರ್ಯ. ಬರೆಯಲೇಬೇಕು. ಸಂಶೋಧನೆಯೆಂದರೆ ಅಲ್ಲಿಂದಲೇ ಮೊದಲು. ಆ ವಿಭಾಗದಲ್ಲಿ ಯಾರ ಕೆಲಸ ತನ್ನ ಪ್ರಶ್ನೆಗೆ ಹತ್ತಿರ, ಅವರ ಯಾವ ಲೇಖನವನ್ನು ಓದಿದ್ದೇನೆ, ತನಗೆ ಅಲ್ಲಿ ಏನು ಕಂಡಿತು ಎಂಬುದೂ ಬರಬೇಕು. ತಂದೆಯ ಪ್ರಶ್ನೆಯಿಂದ ಎರಡು ವಾಕ್ಯ ಸಾಕು. ಬಡತನದ ಪ್ರದರ್ಶನಕ್ಕೆ ಪುಟ ತುಂಬಬಾರದು. ಮೂರನೆಯ ಕರಡಿನಲ್ಲಿ ಬರಹಕ್ಕೆ ಜೀವ ಬಂದಿತು. ಇಂಗ್ಲಿಷು ಸರಳವಾಗಿತ್ತು, ಅದೇ ಚೆಲುವಾಗಿತ್ತು. ಪುಲಿಗೆರೆಯ ಭಾಷೆಯಲ್ಲಿ ಕಾವ್ಯ ಕಟ್ಟಿದೆನೆಂದು ಪಂಪ ಅಭಿಮಾನದಿಂದ ಹೇಳಿಕೊಂಡ ಸೀಮೆಯ ಮಕ್ಕಳು, ತಮ್ಮ ಇಂಗ್ಲಿಷು ನಾಡುಮಾತಿನ ವಾಸನೆ ಹೊಡೆಯುತ್ತದೆಂದು ಹೆದರುವುದು ನನಗೆ ಯಾವಾಗಲೂ ವಿಚಿತ್ರವಾಗಿ ಕಾಣುತ್ತದೆ. ಈಗ ಯಂತ್ರವೇ ಕ್ಷಣದಲ್ಲಿ ನಿವೇದನೆ ಬರೆದುಕೊಡುತ್ತದೆ. ಬರೆಯಲಿ. ಒಂದೇ ಅಚ್ಚಿನ ನೂರು ಮಣ್ಣೆತ್ತಿನ ನಡುವೆ ಆಯ್ಕೆ ಸಮಿತಿಯವರು ಯಾವುದನ್ನು ನೆನಪಿಡುತ್ತಾರೆ?

ಇನ್ನು ಶಿಫಾರಸು ಪತ್ರದ ಮಾತು. ಪರದೇಶದ ಅರ್ಜಿಗಳಿಗೆ ಸಾಮಾನ್ಯವಾಗಿ ಮೂವರು ಅಧ್ಯಾಪಕರ ಪತ್ರ ಬೇಕು. ಅಂಕಪಟ್ಟಿಗಿಂತ ಇದಕ್ಕೆ ತೂಕ ಹೆಚ್ಚೆಂದರೂ ಸಲ್ಲುತ್ತದೆ. ನಮ್ಮ ಕಡೆಯ ಪತ್ರದ ಧಾಟಿ ಎಲ್ಲರಿಗೂ ಗೊತ್ತು: ಸದ್ಗುಣಿ, ವಿಧೇಯ, ಕಷ್ಟಪಟ್ಟು ಓದುವ ವಿದ್ಯಾರ್ಥಿ, ನಡತೆ ಒಳ್ಳೆಯದು, ಉಜ್ವಲ ಭವಿಷ್ಯ ಹಾರೈಸುತ್ತೇನೆ. ಕನ್ಯೆ ನೋಡಲು ಬಂದವರಿಗೆ ಇದು ಸಾಕು. ಸಂಶೋಧಕನನ್ನು ಹುಡುಕುವವರಿಗೆ ಇದರಲ್ಲಿ ಏನೂ ಇಲ್ಲ. ವಿಧೇಯತೆಯಂತೂ ಅಲ್ಲಿ ಗುಣವೋ ದೋಷವೋ ಹೇಳಲಾಗದು; ದಾಂಡೇಕರರು ವಿಧೇಯರಾಗಿ ಸುಮ್ಮನೆ ಕುಳಿತಿದ್ದರೆ ಆ ರಾತ್ರಿ ಕಲಕತ್ತೆಯಲ್ಲಿ ಏನಾಗುತ್ತಿತ್ತು? ಯಾವ ಪ್ರಶ್ನೆ ಕೇಳಿದ, ಯಾವ ಪ್ರಮೇಯವನ್ನು ಪುಸ್ತಕದಲ್ಲಿಲ್ಲದ ದಾರಿಯಲ್ಲಿ ಬಿಡಿಸಿದ, ಹತ್ತು ವರ್ಷಗಳಲ್ಲಿ ತಾವು ಕಂಡ ವಿದ್ಯಾರ್ಥಿಗಳ ನಡುವೆ ಅವನ ಸ್ಥಾನ ಯಾವುದು, ಇಷ್ಟನ್ನು ಅಧ್ಯಾಪಕರು ಒಂದು ಪುಟ ಬರೆದರೆ ಸಾಕು. ವಿದ್ಯಾರ್ಥಿಯ ಕೈಯಲ್ಲೇ ಪತ್ರ ಬರೆಯಿಸಿ ಸಹಿ ಮಾಡಿಕೊಡುವ ಪರಿಪಾಠ ಕೆಲವೆಡೆ ಇದೆ. ಮೂರು ಪತ್ರಗಳೂ ಒಂದೇ ಕೈಬರಹದಂತೆ ಓದಿಸಿಕೊಂಡರೆ ಓದುವವರಿಗೆ ತಿಳಿಯದಿರುತ್ತದೆಯೇ?

ಹಣದ ಲೆಕ್ಕ

ಮಧ್ಯಮ ವರ್ಗದ ಮನೆಗಳಲ್ಲಿ ‘ಅಮೇರಿಕೆ’ ಎಂದ ಕೂಡಲೇ ಹೊಲ ಮಾರಬೇಕೆಂಬ ಭಯ. ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಉಂಟು. ಅಲ್ಲಿ ಎಂ. ಎಸ್. ಪದವಿಗೆ ಹತ್ತಾರು ಲಕ್ಷ ರೂಪಾಯಿ ಸಾಲ ಮಾಡಬೇಕಾಗುವುದು ನಿಜ. ಆದರೆ ಸಂಖ್ಯಾಶಾಸ್ತ್ರದ ಪಿಎಚ್. ಡಿ.ಗೆ ಆಯ್ಕೆಯಾದವರಿಗೆ ಬಹುತೇಕ ಒಳ್ಳೆಯ ವಿಭಾಗಗಳು ಬೋಧನ ಶುಲ್ಕವನ್ನು ಬಿಟ್ಟು, ಬೋಧನ ಸಹಾಯಕ ಇಲ್ಲವೆ ಸಂಶೋಧನ ಸಹಾಯಕನ ಕೆಲಸ ಕೊಟ್ಟು, ವರ್ಷಕ್ಕೆ ಸಾಮಾನ್ಯವಾಗಿ ೨೫,೦೦೦ದಿಂದ ೪೦,೦೦೦ ಡಾಲರಿನ ವರೆಗೆ ವೇತನ ಕೊಡುತ್ತವೆ. ಅದು ಊರಿಗೆ ತಕ್ಕಂತೆ ಜೀವನಕ್ಕೆ ಸಾಲುವಷ್ಟು, ಉಳಿಸುವಷ್ಟಲ್ಲ. ನಾಲ್ಕರಿಂದ ಆರು ವರ್ಷ ಬೇಕು. ಮೊದಲೆರಡು ವರ್ಷ ಪಾಠ, ಅರ್ಹತಾ ಪರೀಕ್ಷೆ. ಅದರಲ್ಲಿ ನಪಾಸಾದವರು ಎಂ. ಎಸ್. ಹಿಡಿದು ಹೊರಡಬೇಕಾಗುವುದೂ ಉಂಟು. ಜರ್ಮನಿ ಮೊದಲಾದ ದೇಶಗಳಲ್ಲಿ ಪಿಎಚ್. ಡಿ. ಎಂಬುದು ಬಹಳಮಟ್ಟಿಗೆ ಸಂಬಳದ ನೌಕರಿಯಂತೆ. ಜಾಗ ಖಾಲಿಯಾದಾಗ ಜಾಹೀರಾತು, ಅದಕ್ಕೆ ಅರ್ಜಿ.

ಪರಗಾಂವಿನ ಸಲಹಾ ಕಚೇರಿಗಳಿಗೆ ಹೋದವರಿಗೆ ಈ ಭೇದವನ್ನು ಹೇಳುವವರು ಕಡಿಮೆ. ಶುಲ್ಕ ಕೊಟ್ಟು ಓದುವವನನ್ನು ಕಳಿಸಿದರೆ ದಲ್ಲಾಳಿಗೆ ಕಮಿಷನ್. ವೇತನ ಪಡೆದು ಓದುವವನಿಂದ ಅವರಿಗೇನು ಲಾಭ? ಗದಗಿನ ಅರಳೆ ಪೇಟೆಯನ್ನು ಕಂಡವರಿಗೆ ಅಡತಿಯ ಧರ್ಮವನ್ನು ವಿವರಿಸಬೇಕಾಗಿಲ್ಲ.

ಆದರೂ ಅರ್ಜಿ ಹಾಕುವುದಕ್ಕೇ ಖರ್ಚುಂಟು. ಒಂದೊಂದು ವಿಶ್ವವಿದ್ಯಾಲಯಕ್ಕೆ ಸಾಮಾನ್ಯವಾಗಿ ೭೫ರಿಂದ ೧೨೫ ಡಾಲರ್. ಎಂಟು ಕಡೆ ಹಾಕಿದರೆ ೬೦೦ರಿಂದ ೧,೦೦೦ ಡಾಲರ್; ಡಾಲರಿಗೆ ೮೫ ರೂಪಾಯಿಯಂತೆ ಹಿಡಿದರೂ ೫೧,೦೦೦ದಿಂದ ೮೫,೦೦೦ ರೂಪಾಯಿ. ಮೇಲೆ ಟೋಫೆಲ್ ಇಲ್ಲವೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ. ಜಿಆರ್‌ಇ ಪರೀಕ್ಷೆಯನ್ನು ೨೦೨೦ರ ಸಾಂಕ್ರಾಮಿಕದ ನಂತರ ಅನೇಕ ವಿಭಾಗಗಳು ಐಚ್ಛಿಕ ಮಾಡಿವೆ. ಎಲ್ಲವೂ ಅಲ್ಲ, ನೋಡಿ ತಿಳಿಯಬೇಕು. ಕೆಲವು ವಿಶ್ವವಿದ್ಯಾಲಯಗಳು ಕೇಳಿದವರಿಗೆ ಅರ್ಜಿ ಶುಲ್ಕ ಮಾಫಿ ಮಾಡುತ್ತವೆ. ನಮ್ಮವರು ಕೇಳುವುದಕ್ಕೆ ನಾಚುತ್ತಾರೆ.

ಶಿರಹಟ್ಟಿಯ ಹುಡುಗಿಯ ಮನೆಯಲ್ಲಿ ಇದೇ ಬಿಕ್ಕಟ್ಟು. ತಮ್ಮನ ಇಂಜಿನಿಯರಿಂಗ್ ಶುಲ್ಕ ಅದೇ ತಿಂಗಳಲ್ಲಿ ಕಟ್ಟಬೇಕಾಗಿತ್ತು. ಅವಳಿಗೆ ವರಗಳು ಬರುತ್ತಿದ್ದವು. “ಐದು ವರ್ಷವೆಂದರೆ ಅಷ್ಟರಲ್ಲಿ ಇವಳಿಗೆ ಇಪ್ಪತ್ತೆಂಟಾಗುತ್ತದಲ್ಲ” ಎಂದು ತಾಯಿ ಕಣ್ಣೀರು ಹಾಕಿದರು. ತಂದೆ ಏನೂ ಹೇಳಲಿಲ್ಲ. ಶೇಂಗಾ ಮಾರಿದ ಹಣದಲ್ಲಿ ನಾಲ್ಕು ಅರ್ಜಿಗಳಿಗಾಗುವಷ್ಟನ್ನು ಎಣಿಸಿ ಕೊಟ್ಟರು. ಎಂಟು ಎಂದುಕೊಂಡದ್ದು ನಾಲ್ಕಾಯಿತು. ಯಾವ ನಾಲ್ಕು ಎಂಬುದನ್ನು ಆರಿಸಲು ಆಕೆ ಮೂರು ವಾರ ಕುಳಿತಳು. ಹೆಸರಿನ ದೊಡ್ಡಸ್ತಿಕೆಯಿಂದಲ್ಲ, ಕೃಷಿ ಮತ್ತು ಹವಾಮಾನದ ಅಂಕಿಗಳ ಮೇಲೆ ಕೆಲಸ ಮಾಡುವ ಅಧ್ಯಾಪಕರು ಎಲ್ಲಿದ್ದಾರೆಂಬುದರಿಂದ ಆರಿಸಿದಳು. ಎಂಟು ಅರ್ಜಿಗೆ ಹಣವಿದ್ದಿದ್ದರೆ ಇಷ್ಟು ಯೋಚಿಸುತ್ತಿದ್ದಳೋ ಇಲ್ಲವೋ.

ಮನೆಯ ಹತ್ತಿರದ ಬಾಗಿಲುಗಳು

ಪರದೇಶವೊಂದೇ ದಾರಿಯೆಂದು ತಿಳಿಯುವುದೂ ಸರಿಯಲ್ಲ. ಮಹಲನೋಬಿಸರ ಸಂಸ್ಥೆಗೆ ೧೯೫೯ರಲ್ಲಿ ಸಂಸತ್ತು ರಾಷ್ಟ್ರೀಯ ಮಹತ್ತ್ವದ ಸ್ಥಾನ ಕೊಟ್ಟಿತು. ಅದರ ಕೇಂದ್ರವೊಂದು ಬೆಂಗಳೂರಿನ ಮೈಸೂರು ರಸ್ತೆಯಲ್ಲಿದೆ. ಅಲ್ಲಿ ಸಂಶೋಧನ ವೇತನಕ್ಕೆ ಸೇರಬೇಕಾದರೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಡೆಯುವ ಲಿಖಿತ ಪರೀಕ್ಷೆ, ಬಳಿಕ ಸಂದರ್ಶನ. ಪ್ರಶ್ನೆಗಳು ಬಾಯಿಪಾಠದವರಿಗೆ ದಕ್ಕುವಂಥವಲ್ಲ. ಇನ್ನೊಂದು ಬಾಗಿಲು ಸಿಎಸ್‌ಐಆರ್-ಯುಜಿಸಿ ನೆಟ್. ಸಂಖ್ಯಾಶಾಸ್ತ್ರಕ್ಕೆ ಅಲ್ಲಿ ಬೇರೆ ಪತ್ರಿಕೆಯಿಲ್ಲ. ‘ಗಣಿತ ವಿಜ್ಞಾನಗಳು’ ಎಂಬ ಪತ್ರಿಕೆಯ ನಾಲ್ಕನೆಯ ಘಟಕವೇ ಸಂಖ್ಯಾಶಾಸ್ತ್ರ. ಇದನ್ನು ತಿಳಿಯದೆ ಕಲಾ ವಿಷಯಗಳ ನೆಟ್ ಪಟ್ಟಿಯಲ್ಲಿ ತಮ್ಮ ಶಾಸ್ತ್ರವನ್ನು ಹುಡುಕಿ ನಿರಾಶರಾದವರನ್ನು ಕಂಡಿದ್ದೇನೆ. ಜೆಆರ್‌ಎಫ್ ಪಡೆದವರಿಗೆ ೨೦೨೩ರ ಜನವರಿಯಿಂದ ಅನ್ವಯಿಸಿದ ದರದಂತೆ ಮೊದಲೆರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಆಮೇಲೆ ೪೨,೦೦೦. ಮನೆ ಬಾಡಿಗೆ ಭತ್ಯೆ ಬೇರೆ. ಬೆಟಗೇರಿಯ ಮಗ್ಗದ ಮನೆಯೊಂದಕ್ಕೆ ಇದು ಸಣ್ಣ ಮೊತ್ತವಲ್ಲ. ಗೇಟ್ ಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆ ೨೦೧೯ರಿಂದಲೂ, ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆ ೨೦೨೪ರಿಂದಲೂ ಇವೆ. ಐಐಟಿಗಳ ಸಂಶೋಧನ ಪ್ರವೇಶಕ್ಕೆ ಅವು ಒದಗುತ್ತವೆ. ನಮ್ಮ ನೆರೆಯ ಧಾರವಾಡದಲ್ಲಿಯೇ ೨೦೧೬ರಿಂದ ಐಐಟಿ ಒಂದು ನಡೆಯುತ್ತಿದೆ. ವಿಶ್ವವಿದ್ಯಾಲಯಕ್ಕೆ ಪ್ರಥಮ ಸ್ಥಾನ ಪಡೆದವರು ಇನ್‌ಸ್ಪೈರ್ ವೇತನವನ್ನೂ ನೋಡಬಹುದು.

ಯುಜಿಸಿಯ ೨೦೨೨ರ ನಿಯಮದಂತೆ ಪಿಎಚ್. ಡಿ.ಗೆ ಕನಿಷ್ಠ ಮೂರು ವರ್ಷ, ಸಾಧಾರಣವಾಗಿ ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೆ ಅವಧಿಯಲ್ಲಿ ಹೆಚ್ಚಿನ ಸಡಿಲಿಕೆಯೂ ಹೆರಿಗೆ ರಜೆಯೂ ಇವೆ. ಸ್ನಾತಕೋತ್ತರದಲ್ಲಿ ನೂರಕ್ಕೆ ೫೫, ಇಲ್ಲವೆ ನಾಲ್ಕು ವರ್ಷದ ಪದವಿಯಲ್ಲಿ ೭೫ ಅಂಕ ಬೇಕು. ಹಿಂದುಳಿದ ವರ್ಗ, ಪರಿಶಿಷ್ಟರಿಗೆ ಇದರಲ್ಲಿ ರಿಯಾಯಿತಿಯಿದೆ.

ಎರಡೂ ಕಡೆ ಏಕಕಾಲಕ್ಕೆ ಯತ್ನಿಸುವುದೇ ವಿವೇಕವೆಂದು ನನ್ನ ಅಭಿಪ್ರಾಯ. ೨೦೨೫ರಲ್ಲಿ ಅಮೇರಿಕೆಯ ಹಲವು ವಿಶ್ವವಿದ್ಯಾಲಯಗಳು ಸಂಶೋಧನ ಹಣದ ಕಡಿತದಿಂದ ಪಿಎಚ್. ಡಿ. ಪ್ರವೇಶಗಳನ್ನು ಇಳಿಸಿದವು, ಆ ವರ್ಷ ಮೇ-ಜೂನ್‌ನಲ್ಲಿ ಕೆಲವು ವಾರ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳೇ ನಿಂತಿದ್ದವು. ಮುಂಗಾರು ಕೈಕೊಟ್ಟರೆ ಹಿಂಗಾರಿಗೆ ಬೀಜ ಇಟ್ಟುಕೊಳ್ಳುವವರು ನಾವು.

ಹುಡುಗಿಯ ಅರ್ಜಿಗಳು ಡಿಸೆಂಬರಿನಲ್ಲಿ ಹೋದವು. ಫೆಬ್ರುವರಿಯಲ್ಲಿ ಎರಡು ಕಡೆಯಿಂದ ‘ವಿಷಾದಿಸುತ್ತೇವೆ’ ಬಂದಿತು. ಮಾರ್ಚಿನಲ್ಲಿ ಮೂರನೆಯದು. ನಾಲ್ಕನೆಯವರು ಆಕೆಯನ್ನು ಕಾಯುವವರ ಪಟ್ಟಿಯಲ್ಲಿಟ್ಟರು. ಅಲ್ಲಿ ಏಪ್ರಿಲ್ ೧೫ ಎಂಬುದೊಂದು ಗಡುವು ಉಂಟು. ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳು ವೇತನ ಸಹಿತ ಆಹ್ವಾನ ಪಡೆದವನನ್ನು ಆ ದಿನಕ್ಕೆ ಮೊದಲು ಉತ್ತರಿಸೆಂದು ಒತ್ತಾಯಿಸುವಂತಿಲ್ಲ. ಮೂರು ನಾಲ್ಕು ಆಹ್ವಾನಗಳನ್ನು ಮಡಿಲಲ್ಲಿಟ್ಟುಕೊಂಡವರು ಅಂದು ಬೇಡವಾದದ್ದನ್ನು ಬಿಟ್ಟುಕೊಡುತ್ತಾರೆ. ಕಾಯುವವರ ಪಟ್ಟಿ ಸರಿಯುವುದು ಆಗ. ಏಪ್ರಿಲ್ ೧೪ರ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಲಿಲ್ಲವೆಂದು ಆಮೇಲೆ ಕೇಳಿದೆ. ಪಟ್ಟಿ ಸರಿಯಿತು, ಅವಳ ಹೆಸರಿನವರೆಗೆ ಸರಿಯಲಿಲ್ಲ.

ಆದರೆ ಆ ಚಳಿಗಾಲದಲ್ಲಿ ನಿವೇದನೆಗಾಗಿ ಮತ್ತೆ ಮತ್ತೆ ತಿದ್ದಿದ ಪ್ರಶ್ನೆ ಅವಳಲ್ಲಿ ಕುಳಿತುಬಿಟ್ಟಿತ್ತು. ನೆಟ್ ಪರೀಕ್ಷೆ ಬರೆದಿದ್ದಳು; ಜೆಆರ್‌ಎಫ್ ಬಂದಿತು. ಸಂದರ್ಶನದಲ್ಲಿ ಒಬ್ಬ ಪರೀಕ್ಷಕರು, ಪಂಚಾಯತಿಗೆ ಕೆಲವೇ ಕೊಯ್ಲುಗಳಿಂದ ಬಂದ ಸರಾಸರಿಯ ದೋಷವನ್ನು ಹೇಗೆ ಕಟ್ಟುತ್ತೀರೆಂದು ಕೇಳಿದರಂತೆ. ಮುಕ್ಕಾಲು ಗಂಟೆ ಹಲಗೆಯ ಮುಂದೆ ನಿಂತು ಬರೆದಳಂತೆ. ಈಗ ದೇಶದ ಸಂಸ್ಥೆಯೊಂದರಲ್ಲಿಯೇ, ತೀರ ಸಣ್ಣ ಪ್ರದೇಶಗಳಿಗೆ ಇಳುವರಿಯ ಅಂದಾಜು ಕಟ್ಟುವ ವಿಧಾನದ ಮೇಲೆ ಕೆಲಸ ಮಾಡುತ್ತಿದ್ದಾಳೆ. ಮೊದಲ ತಿಂಗಳ ವೇತನದಲ್ಲಿ ತಮ್ಮನ ಶುಲ್ಕದ ಒಂದು ಕಂತು ಹೋಯಿತು. ಮದುವೆಯ ಮಾತು ನಿಂತಿಲ್ಲ. ಬಂದವರಿಗೆ “ಓದು ಮುಗಿಯಲಿ” ಎಂದು ಹೇಳುವವರು ಈಗ ತಾಯಿಯಂತೆ. ತಂದೆ, ಕೊಯ್ಲಿನ ತುಣುಕು ಯಾರ ಹೊಲದಲ್ಲಿ ಬಿದ್ದಿದೆಯೆಂದು ಪ್ರತಿ ಸುಗ್ಗಿಯಲ್ಲಿ ವಿಚಾರಿಸಿ ಮಗಳಿಗೆ ಫೋನಿನಲ್ಲಿ ವರದಿ ಕೊಡುತ್ತಾರೆ.

ಈ ವರ್ಷ ಹೊರಡುವವರಿಗೆ ದಿನಗಳ ಲೆಕ್ಕವೊಂದು ಬೇಕಾಗಬಹುದು. ಗೇಟ್ ಪರೀಕ್ಷೆಗೆ ಹೆಸರು ನೋಂದಾಯಿಸುವುದು ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರಿನಲ್ಲಿ ತೆರೆಯುತ್ತದೆ, ಪರೀಕ್ಷೆ ಫೆಬ್ರುವರಿಯಲ್ಲಿ. ನೆಟ್ ವರ್ಷಕ್ಕೆ ಎರಡು ಬಾರಿ. ಅಮೇರಿಕೆಯ ಅರ್ಜಿಗಳು ಸೆಪ್ಟೆಂಬರಿನಿಂದ ತೆರೆದು ಡಿಸೆಂಬರ್ ಮೊದಲ ವಾರದಿಂದ ಜನವರಿ ಮಧ್ಯದೊಳಗೆ ಬಹುತೇಕ ಮುಚ್ಚುತ್ತವೆ. ಮುಚ್ಚುವ ವೇಳೆಯನ್ನು ಅಲ್ಲಿಯ ಗಡಿಯಾರದಿಂದ ಎಣಿಸುತ್ತಾರೆಂಬುದನ್ನು ನೆನಪಿಡಬೇಕು. ಅಧಿಕೃತ ಅಂಕಪಟ್ಟಿಗಳಿಗೆ ವಿಶ್ವವಿದ್ಯಾಲಯಕ್ಕೆ ಶ್ರಾವಣದಲ್ಲಿಯೇ ಅರ್ಜಿ ಕೊಟ್ಟರೆ ದೀಪಾವಳಿಯ ರಜೆಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಶಿಫಾರಸು ಪತ್ರ ಬರೆಯುವ ಅಧ್ಯಾಪಕರನ್ನು ಕಾಣುವುದಕ್ಕೆ ಅಕ್ಟೋಬರು ಒಳ್ಳೆಯ ತಿಂಗಳು. ಹೋಗುವಾಗ ನಿವೇದನೆಯ ಕರಡನ್ನೂ ಪ್ರಬಂಧದ ಪ್ರತಿಯನ್ನೂ ಕೈಯಲ್ಲಿ ಹಿಡಿದು ಹೋಗುವುದು.